ಲೈಸೆನ್ಸ್ ಬೇಡದ ಕೋವಿ, ಅನುಮತಿ ಇಲ್ಲದ ಬೇಟೆ

ಸ್ಪ್ರಿಂಗ್ ಏರ್ ರೈಫಲ್ ಕೊಳ್ಳಬೇಕೆಂದಿರುವವರು ಮೊದಲು ಕೇಳುವುದು 'ಪವರ್ ಎಷ್ಟಿರಬೇಕು?' ಎಂದು. ರಾಜಾಜಿನಗರದ ಹಳೆಯ ಮನೆಯ ಹಿತ್ತಿಲಲ್ಲಿ ಹೆಗ್ಗಣದ ಕಾಟ, ವಿಜಯನಗರದ ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ, ಕೆಂಗೇರಿಯಾಚೆ ತೋಟ ಮಾಡಿಕೊಂಡವರಿಗೆ ಕೋತಿ ಮತ್ತು ಕಾಡುಹಂದಿ. ಕಾರಣ ಬೇರೆ ಬೇರೆ, ಪ್ರಶ್ನೆ ಒಂದೇ. ಈ ಕೋವಿಗಳನ್ನು ಬಳಸುತ್ತಾ, ಬಿಚ್ಚಿ ಜೋಡಿಸುತ್ತಾ, ಬೇರೆಯವರಿಗೆ ಆರಿಸಿಕೊಡುತ್ತಾ ನಾನು ಬಂದು ಮುಟ್ಟಿದ ತೀರ್ಮಾನ ಸರಳ: ಪಶ್ಚಿಮ ಬೆಂಗಳೂರಿನಲ್ಲಿ ಇದನ್ನು ಬೇಟೆಗೆಂದಾಗಲಿ ಇಲಿ ಹಕ್ಕಿಗಳ ಉಪದ್ರವಕ್ಕೆಂದಾಗಲಿ ಕೊಳ್ಳಬಾರದು. ಕಾಗದದ ಗುರಿಗೆ ಹೊಡೆಯಲು ಕೊಳ್ಳಬಹುದು, ಆಗ ಪವರ್ ಎಲ್ಲಕ್ಕಿಂತ ಕೊನೆಗೆ ನೋಡಬೇಕಾದ ಸಂಗತಿ. ಬೇಟೆಯ ಆಸೆ ಇರುವವರಿಗೆ ಇದು ರುಚಿಸದ ಮಾತು ಎಂದು ಗೊತ್ತು. ಆದ್ದರಿಂದ ಕಾರಣಗಳನ್ನು ಒಂದೊಂದಾಗಿ ಇಡುತ್ತೇನೆ.

ಮೊದಲು ಪವರ್‌ನ ಲೆಕ್ಕವನ್ನೇ ನೋಡೋಣ. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿ.ಮೀ. ನಳಿಗೆಯ, 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ '1000 ಎಫ್‌ಪಿಎಸ್' ಎಂದು ದೊಡ್ಡದಾಗಿ ಬರೆದಿರುತ್ತದೆ. ಸೆಕೆಂಡಿಗೆ ಸಾವಿರ ಅಡಿ, ಅಂದರೆ ಸುಮಾರು 305 ಮೀಟರ್. ಸಾಮಾನ್ಯ ಸೀಸದ ಪೆಲೆಟ್ ತೂಗುವುದು 0.53 ಗ್ರಾಂ ಆಸುಪಾಸು. ಅದು ನಿಜಕ್ಕೂ ಆ ವೇಗದಲ್ಲಿ ಹೊರಟರೆ ಶಕ್ತಿ 24 ಜೂಲ್ ದಾಟುತ್ತದೆ. ಹಾಗಾದರೆ ಎರಡರಲ್ಲೊಂದು ನಿಜವಾಗಿರಬೇಕು: ಆ ವೇಗವನ್ನು ಅಳೆದದ್ದು ಹಗುರವಾದ ಮಿಶ್ರಲೋಹದ ಪೆಲೆಟ್ ಹಾಕಿ, ಇಲ್ಲವೇ ಆ ಕೋವಿಗೆ ಲೈಸೆನ್ಸ್ ಬೇಕು. ಅದೇ ಸೀಸದ ಪೆಲೆಟ್ 270 ಮೀಟರ್ ವೇಗದಲ್ಲಿ 19 ಜೂಲ್, 200 ಮೀಟರ್ ವೇಗದಲ್ಲಿ ಹತ್ತೂವರೆ ಜೂಲ್ ಕೊಡುತ್ತದೆ. ವೇಗ ಹೆಚ್ಚಾದರೆ ಗುರಿಯೂ ನಿಖರವಾಗುತ್ತದೆ ಎನ್ನುವುದು ಸುಳ್ಳು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಹತ್ತು ಮೀಟರ್ ಸ್ಪರ್ಧೆಯಲ್ಲಿ ಪೆಲೆಟ್ ಹೋಗುವುದು ಸೆಕೆಂಡಿಗೆ 170-180 ಮೀಟರ್ ವೇಗದಲ್ಲಿ. ಆ ಗುರಿಯ ನಡುವಿನ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್.

'ಲೈಸೆನ್ಸೇ ಬೇಡ ಅಂದಮೇಲೆ ಹೊಡೆಯೋದಕ್ಕೇನು?' ಎಂಬುದು ಮುಂದಿನ ವಾದ. ಕೋವಿ ಇಟ್ಟುಕೊಳ್ಳುವುದು ಒಂದು ಕಾನೂನು, ಪ್ರಾಣಿಗೆ ಗುರಿಯಿಡುವುದು ಇನ್ನೊಂದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಗಾಯ ಮಾಡುವುದೂ ಬೇಟೆ, ಕೊಲ್ಲಲು ಯತ್ನಿಸುವುದೂ ಬೇಟೆ. ಬಸವೇಶ್ವರನಗರದ ಮರಗಳ ಮೇಲೆ ಗಲಾಟೆ ಮಾಡುವ ಗಿಳಿ ಸಂರಕ್ಷಿತ ಹಕ್ಕಿ. ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಓಡಾಡುವ ನವಿಲು ಮೊದಲ ಅನುಸೂಚಿಯಲ್ಲಿದೆ, ಅದನ್ನು ಕೊಂದರೆ ಕನಿಷ್ಠ ಮೂರು ವರ್ಷ ಜೈಲು. ನಮ್ಮ ಊರಿನ ಕೋತಿಗೂ ರಕ್ಷಣೆ ಇದೆ. ಬೀದಿನಾಯಿಗೆ ಹೊಡೆದು ಕೊಂದರೆ ಅಥವಾ ಅಂಗಹೀನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಮೊದಲು ವನ್ಯಜೀವಿ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಕಾಗೆ, ಹಣ್ಣುಬಾವಲಿ, ಇಲಿಗಳನ್ನು ಉಪದ್ರವಿಗಳೆಂದು ಪಟ್ಟಿ ಮಾಡಿದ್ದರು. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆದುಹಾಕಿತು. ಹಳೆಯ ಪಟ್ಟಿಯನ್ನು ನಂಬಿ ಕಾಗೆ, ಬಾವಲಿಗೆ ಹೊಡೆಯಹೊರಟವರು ಇದನ್ನು ತಿಳಿದಿರಲಿ.

'ಇಲಿ ಹೆಗ್ಗಣಕ್ಕೆ ಯಾವ ರಕ್ಷಣೆ?' ಎಂಬ ಪ್ರಶ್ನೆ ಉಳಿಯುತ್ತದೆ. ಇದು ನ್ಯಾಯವಾದ ಪ್ರಶ್ನೆಯೇ. ಇಲ್ಲಿ ಕೋವಿಗೆ ಅಡ್ಡಬರುವುದು ಕಾನೂನಿಗಿಂತ ಹೆಚ್ಚಾಗಿ ನಮ್ಮ ಊರಿನ ಸೈಟುಗಳ ಅಳತೆ. ಬೆಂಗಳೂರಿನ ಮಧ್ಯಮ ವರ್ಗದ ಸೈಟು ಮೂವತ್ತಕ್ಕೆ ನಲವತ್ತು. ಮೂಲೆಯಿಂದ ಮೂಲೆಗೆ ಅಳೆದರೂ ಐವತ್ತು ಅಡಿ, ಅಂದರೆ ಹದಿನೈದು ಮೀಟರ್. ಅದರಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವುದು ಸಂಪು, ತುಳಸಿಕಟ್ಟೆ, ಸ್ಕೂಟರ್ ನಿಲ್ಲಿಸುವಷ್ಟು ಜಾಗ. ಪೆಲೆಟ್ ಹಾರುವುದಾದರೋ ನೂರಾರು ಮೀಟರ್. ಗುರಿ ತಪ್ಪಿದ ಪ್ರತಿ ಪೆಲೆಟ್ಟೂ ಪಕ್ಕದ ಮನೆಯ ಕಿಟಕಿಗೋ ಹಿಂದಿನ ಬೀದಿಗೋ ಹೋಗುತ್ತದೆ. ಗ್ರಾನೈಟ್ ಅಥವಾ ಕಾಂಕ್ರೀಟಿಗೆ ತಾಗಿದರೆ ಚಿಮ್ಮಿ ಎತ್ತ ಬರುತ್ತದೆಂದು ಹೇಳಲಾಗದು, ಹತ್ತು ಜೂಲ್ ಪೆಲೆಟ್ ಒಂದು ಕಣ್ಣು ಕಳೆಯಲು ಧಾರಾಳ ಸಾಕು. ಇನ್ನು ಇಲಿ ಓಡಾಡುವುದು ಕತ್ತಲಲ್ಲಿ, ಗೋಡೆಯಂಚಿನಲ್ಲಿ. ಅದು ನರಳದೆ ಸಾಯಬೇಕಾದರೆ ಪೆಲೆಟ್ ತಲೆಗೇ ಬೀಳಬೇಕು. ಆ ಜಾಗ ಒಂದು ರೂಪಾಯಿ ನಾಣ್ಯದಷ್ಟಿರುತ್ತದೆ. ಹೊಟ್ಟೆಗೆ ತಾಗಿದ್ದು ಬಿಲ ಸೇರಿ ಸತ್ತು ಮನೆಯೆಲ್ಲ ನಾರುತ್ತದೆ.

ಅದೂ ಹೋಗಲಿ, ಒಂದೆರಡು ಇಲಿ ಕೊಂದರೆ ಇಲಿ ಕಡಿಮೆಯಾಗುತ್ತವೆಯೇ? ಇಲಿಯ ಗರ್ಭಾವಧಿ ಮೂರು ವಾರ, ಒಂದು ಸೂಲಿಗೆ ಆರೇಳು ಮರಿ ಮಾಮೂಲು. ಹೊಡೆದ ಜಾಗ ಖಾಲಿ ಉಳಿಯುವುದಿಲ್ಲ. ವೃಷಭಾವತಿಗೆ ಸೇರುವ ರಾಜಕಾಲುವೆಗಳು, ತೆರೆದ ಮೋರಿಗಳು, ಸಂಜೆ ಬೀದಿ ಮೂಲೆಯಲ್ಲಿ ಬೀಳುವ ಹೋಟೆಲ್ ಕಸ ಇರುವವರೆಗೆ ಹೊಸ ಇಲಿಗಳು ಬರುತ್ತಲೇ ಇರುತ್ತವೆ. ಇಲಿಜ್ವರ ತರುವುದು ಅವುಗಳ ಮೂತ್ರ. ಆದ್ದರಿಂದ ಇಲಿ ಕೊಲ್ಲುವುದಕ್ಕಿಂತ ಅವು ಒಳಗೆ ಬಾರದಂತೆ ತಡೆಯುವುದು ಮುಖ್ಯ. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ, ಬಚ್ಚಲ ಕೊಳವೆಗೆ ಕಬ್ಬಿಣದ ಜಾಲರಿ, ಪೈಪು ಗೋಡೆ ಸೇರುವ ತೂತಿಗೆ ಸಿಮೆಂಟು, ಗೋಡೆಯಂಚಿಗೆ ಇಲಿ ಬೋನು: ಇವೆಲ್ಲ ಸೇರಿದರೂ ಕೋವಿಯ ಬೆಲೆಯ ಒಂದು ಪಾಲು. ಪಾರಿವಾಳಕ್ಕೂ ಅಷ್ಟೇ. ಬಾಲ್ಕನಿಗೆ ನೆಟ್ ಕಟ್ಟಿಸಿದರೆ, ಬೀದಿಯಲ್ಲಿ ಕಾಳು ಚೆಲ್ಲುವುದು ನಿಂತರೆ ಅರ್ಧ ಸಮಸ್ಯೆ ಮುಗಿಯಿತು.

ತೋಟದವರ ಮಾತು ಬೇರೆ, ಅದನ್ನು ನಗರದವರ ಹವ್ಯಾಸದ ಜೊತೆ ಸೇರಿಸಿ ತಳ್ಳಿಹಾಕಲಾಗದು. ಮಾಗಡಿ, ರಾಮನಗರದ ಕಡೆ ರಾತ್ರಿ ಬೆಳಗಾಗುವುದರೊಳಗೆ ಹಂದಿಗಳು ರಾಗಿ, ಕಡಲೆಕಾಯಿ ಹೊಲ ಹಾಳುಮಾಡಿದರೆ ಆ ನಷ್ಟ ನಿಜವಾದದ್ದು. ಆದರೆ ಅದಕ್ಕೆ 20 ಜೂಲಿನ ಕೋವಿ ಮದ್ದಲ್ಲ. ಕಾಡುಹಂದಿಯ ದಪ್ಪ ಚರ್ಮದ ಮೇಲೆ ಅದು ಗಾಯವಷ್ಟೇ ಮಾಡುತ್ತದೆ, ಗಾಯಗೊಂಡ ಹಂದಿ ಮನುಷ್ಯನ ಮೇಲೆ ಬೀಳುತ್ತದೆ. ಬೆಳೆಗೆ ಹಾನಿ ಮಾಡುವ ಪ್ರಾಣಿಯ ವಿಷಯದಲ್ಲಿ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಅಧಿಕಾರ ಕೊಟ್ಟಿರುವುದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅಧಿಕೃತ ಅಧಿಕಾರಿಗೆ, ಅದೂ ಲಿಖಿತ ಆದೇಶದ ಮೂಲಕ. 'ಕೊಲ್ಲಲ್ಲ, ಬೆದರಿಸೋಕೆ ಮಾತ್ರ' ಎನ್ನುವವರೂ ಇದ್ದಾರೆ. ಬೆದರಿಸಲು ಬೇಕಾದದ್ದು ಸದ್ದು, ಸ್ಪ್ರಿಂಗ್ ಕೋವಿಯಲ್ಲಿ ಇಲ್ಲದ್ದೂ ಅದೇ. ಬೆದರಿಸಲು ಹೊಡೆದ ಪೆಲೆಟ್ ಕೋತಿಯ ಮೈಯಲ್ಲಿ ಉಳಿದು ಕೀವಾಗುತ್ತದೆ. ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ನಡೆಸುವ ವನ್ಯಜೀವಿ ಆಸ್ಪತ್ರೆ ಇರುವುದು ನಗರದಲ್ಲಿ ಗಾಯಗೊಂಡ ಇಂಥ ಜೀವಿಗಳಿಗಾಗಿ. ಬೇಟೆ ಬದುಕಿನ ಭಾಗವೇ ಆಗಿದ್ದ ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಕಾಡುಪ್ರಾಣಿ, ಹಕ್ಕಿಗಳನ್ನು ಉಳಿಸಲೆಂದು ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು, ಸಾವಿರಕ್ಕೂ ಹೆಚ್ಚು ಕೋವಿಗಳನ್ನು ಜನರೇ ತಂದುಕೊಟ್ಟರು. 'ಚಿಕ್ಕ ಕೋವಿಯಿಂದ ಏನಾದೀತು' ಎಂಬ ಮಾತಿಗೆ ಅದು ಸಾಕಷ್ಟು ಉತ್ತರ.

ಇಷ್ಟೆಲ್ಲ ಹೇಳಿದ ಮೇಲೂ ಈ ಕೋವಿಯ ಮೇಲೆ ನನಗೆ ಪ್ರೀತಿ ಕಡಿಮೆಯಾಗಿಲ್ಲ, ಏಕೆಂದರೆ ಗುರಿ ಕಲಿಸುವುದರಲ್ಲಿ ಇದರಷ್ಟು ಕಟ್ಟುನಿಟ್ಟಿನ ಮೇಷ್ಟ್ರು ಇಲ್ಲ. ನಳಿಗೆಯನ್ನು ಕೆಳಕ್ಕೆ ಮಡಚಿ ಸ್ಪ್ರಿಂಗ್ ಎಳೆದು ಪೆಲೆಟ್ ಕೂರಿಸಿ ಟ್ರಿಗರ್ ಒತ್ತಿದಾಗ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಕೋವಿ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಕೊನೆ ಮುಟ್ಟಿದಾಗ ಕೋವಿ ಮತ್ತೆ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ನಳಿಗೆ ಬಿಟ್ಟು ಹೋಗುವ ಮೊದಲೇ ಈ ಅಲುಗಾಟ ಶುರುವಾಗಿರುತ್ತದೆ. ಹಾಗಾಗಿ ಬಿಗಿಹಿಡಿದಷ್ಟೂ ಗುರಿ ಕೆಡುತ್ತದೆ. ಎಡ ಅಂಗೈ ಮೇಲೆ ಸುಮ್ಮನೆ ಇರಿಸಿ, ಪ್ರತಿಸಲವೂ ಅದೇ ಜಾಗದಲ್ಲಿ ಹಿಡಿಯಬೇಕು. ಸ್ಪ್ರಿಂಗ್ ಗಡುಸಾದಷ್ಟೂ ಈ ಅಲುಗಾಟ ಜೋರು, ಎಳೆಯುವ ಶ್ರಮವೂ ಜಾಸ್ತಿ. ಸಾಧಾರಣ ಶಕ್ತಿಯ ಕೋವಿಯೇ ಒಳ್ಳೆಯದು ಎನ್ನಲು ಇದೇ ಕಾರಣ. ಕೊಳ್ಳುವಾಗ ಟ್ರಿಗರ್ ನಯವಾಗಿದೆಯೇ, ನಳಿಗೆ ಮುಚ್ಚಿದ ಮೇಲೆ ಸಂದಿನಲ್ಲಿ ಅಲ್ಲಾಡುತ್ತದೆಯೇ, ಹೆಗಲಿಗೆ ಸರಿಯಾಗಿ ಕೂರುತ್ತದೆಯೇ ನೋಡಿ. ಸ್ಕೋಪ್ ಇಲ್ಲದೆ, ಕೋವಿಯ ಮೇಲಿನ ಐರನ್ ಸೈಟ್ ನೋಡಿ ಗುರಿಯಿಡಲು ಕಲಿಯಿರಿ, ಈ ಎರಡು ದಿಕ್ಕಿನ ಒದೆತಕ್ಕೆ ಸಾಮಾನ್ಯ ಸ್ಕೋಪ್ ಬಾಳುವುದಿಲ್ಲ. ಪೆಲೆಟ್ ಹಾಕದೆ ಟ್ರಿಗರ್ ಒತ್ತಬೇಡಿ, ಪಿಸ್ಟನ್ ಸೀಲ್ ಹಾಳಾಗುತ್ತದೆ. ಸ್ಪ್ರಿಂಗ್ ಎಳೆದಿಟ್ಟು ಎದ್ದುಹೋಗಬೇಡಿ. ಸೀಸ ಮುಟ್ಟಿದ ಕೈ ತೊಳೆದೇ ಊಟಕ್ಕೆ ಕೂರಿ.

ಗುರಿಯ ಹಿಂದೆ ಪೆಲೆಟ್ ತಡೆಯುವ ಗಟ್ಟಿ ತಡೆ, ಅದರ ಹಿಂದೆ ಭದ್ರ ಗೋಡೆ, ಯಾರೂ ಅಡ್ಡ ಹಾಯದ ಹತ್ತು ಮೀಟರ್ ಇಲ್ಲದಿದ್ದರೆ ಮನೆಯಲ್ಲಿ ಹೊಡೆಯಬೇಡಿ, ತರಬೇತಿ ಕೊಡುವ ರೇಂಜಿಗೆ ಹೋಗಿ. ಕೋತಿಯೋ ಹಾವೋ ಬೇರೆ ಕಾಡುಪ್ರಾಣಿಯೋ ಮನೆಗೆ ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಇಲಿಗೆ ಬೋನು, ಪಾರಿವಾಳಕ್ಕೆ ನೆಟ್, ಕೋವಿಗೆ ಕಾಗದ. ಈ ಮೂರನ್ನು ಅದಲುಬದಲು ಮಾಡದವರಿಗೆ 4.5 ಮಿ.ಮೀ.ನ ಸಾಧಾರಣ ಸ್ಪ್ರಿಂಗ್ ರೈಫಲ್ ಧಾರಾಳವಾಗಿ ಸಾಕು.