ರೈಲಿಲ್ಲದ ಊರಿನಲ್ಲಿ ನಿದ್ದೆ

ನಂಜನಗೂಡಿನ ರೈಲು ನಿಲ್ದಾಣದ ಹತ್ತಿರದ ವಠಾರವೊಂದರಲ್ಲಿ ನಾವು 19 ವರ್ಷ ಇದ್ದೆವು. ರೈಲು ಬಂದರೆ ಅಡುಗೆಮನೆ ಗೂಡಿನ ಲೋಟಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಎನ್ನುತ್ತಿದ್ದವು. ನಡುವೆ ಒಂದೇ ಗೋಡೆ. ಪಕ್ಕದ ಮನೆಯ ಕುಕ್ಕರಿನ ಕೂಗು ಎಣಿಸಿ ನಮ್ಮ ಒಲೆ ಆರಿಸಿ, ಬೇಯದ ಬೇಳೆಯಲ್ಲೇ ಸಾರು ಮಾಡಿದ್ದೂ ಉಂಟು. ಸದ್ದಿಲ್ಲದ ಮನೆಯಲ್ಲಿ ಒಂದು ದಿನವಾದರೂ ಮಲಗಬೇಕು ಎಂದು ಯಜಮಾನರ ತಲೆ ತಿನ್ನುತ್ತಿದ್ದೆ.

ಅವರು ನಿವೃತ್ತರಾದ ಮೇಲೆ, ಅವರ ಹುಟ್ಟೂರು ಟಿ.ನರಸೀಪುರದಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆಯೆದ್ದಿತು. ಹಾಲುಕ್ಕಿಸಿ, ನೆಂಟರನ್ನೆಲ್ಲ ಬಸ್ಸು ಹತ್ತಿಸಿ ಮಲಗಿದರೆ ಕಣ್ಣು ಹತ್ತಲಿಲ್ಲ. ನರಸೀಪುರಕ್ಕೆ ರೈಲಿಲ್ಲ. ನನಗೆ ಗೊತ್ತಿದ್ದದ್ದೇ, ಕಿವಿಗೆ ಗೊತ್ತಿರಲಿಲ್ಲ. ಖಾಲಿ ಕೋಣೆಯಲ್ಲಿ ಕೆಮ್ಮಿದರೆ ಕೆಮ್ಮು ವಾಪಸು ಬರುತ್ತಿತ್ತು. ಫ್ರಿಜ್ಜು ಗುರ್ ಎಂದರೆ ಯಾರೋ ಬಂದರೆಂದು ಎದ್ದು ಕೂರುತ್ತಿದ್ದೆ. ಪರದೆ ಕಟ್ಟಿ, ಹಾಸಿಗೆ, ಹಳೇ ಬಟ್ಟೆಯ ಗಂಟು ತುಂಬಿದ ಮೇಲೆ ಗೋಡೆಗಳು ಮಾತು ನಿಲ್ಲಿಸಿದವು. ನಿದ್ದೆ ಮಾತ್ರ ಬರಲಿಲ್ಲ.

ವಿಚಿತ್ರ ನೋಡಿ, ಬೈದುಕೊಳ್ಳುತ್ತಿದ್ದ ಆ ರೈಲಿನ ಜಂಬವನ್ನೇ ಹೊಸ ನೆರೆಹೊರೆಯವರ ಮುಂದೆ ಕೊಚ್ಚತೊಡಗಿದೆ. 1735ರಲ್ಲಿ ದಳವಾಯಿ ದೇವರಾಜ ಕಪಿಲೆಗೆ, ಅಂದರೆ ಕಬಿನಿ ಹೊಳೆಗೆ, ಕಟ್ಟಿಸಿದ ಕಲ್ಲುಸೇತುವೆ ನಮ್ಮೂರಲ್ಲಿದೆ, ಬ್ರಾಡ್‌ಗೇಜ್ ಬರುವ ತನಕ ರೈಲು ಅದರ ಮೇಲೇ ಓಡಾಡುತ್ತಿತ್ತು ಅಂತ. ಅತ್ತೆ ಬಿಡುತ್ತಾರೆಯೇ? ಇಲ್ಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ, ಕಾಶಿಗಿಂತ ಈ ಕ್ಷೇತ್ರ ಗುಲಗಂಜಿ ತೂಕ ಹೆಚ್ಚು ಎಂಬ ಮಾತಿದೆ. ಅತ್ತೆಗೆ ಎಲ್ಲಕ್ಕೂ ಅದೇ ತಕ್ಕಡಿ. ಕಾಫಿ, ಬದನೆಕಾಯಿ, ಗಾಳಿ, ಎಲ್ಲವೂ ನಂಜನಗೂಡಿಗಿಂತ ಗುಲಗಂಜಿ ತೂಕ ಹೆಚ್ಚು! ರಸಬಾಳೆ ಒಂದರ ವಿಷಯದಲ್ಲಿ ಮಾತ್ರ ಸುಮ್ಮನಾಗುತ್ತಿದ್ದರು.

ಆ ವರ್ಷ ಕೇರಳದ ವಯನಾಡಿನಲ್ಲಿ ಮಳೆ ಜೋರು. ಅಲ್ಲಿ ಸುರಿದದ್ದು ಬೀಚನಹಳ್ಳಿಯ ಕಬಿನಿ ಜಲಾಶಯಕ್ಕೆ ಬರುತ್ತದೆ, ಜಲಾಶಯ ತುಂಬಿದರೆ ಹೊಳೆಗೆ ಬಿಡುತ್ತಾರೆ. ನಂಜನಗೂಡಿನಲ್ಲಿ ಹದಿನಾರು ಕಾಲು ಮಂಟಪ ಮುಳುಗಿತೆಂದರೆ ತಗ್ಗಿನ ಬೀದಿಯವರು ಗಂಟು ಕಟ್ಟುತ್ತಾರೆ. ಒಂದು ಮಧ್ಯಾಹ್ನ ಹೊಸ ಮನೆಯ ಮುಂದೆ ಆಟೋ ಮೈಕು ಕೂಗಿಕೊಂಡು ಹೋಯಿತು, ನದಿಪಾತ್ರದವರು ಎಚ್ಚರದಿಂದಿರಿ ಅಂತ. ನಂಜನಗೂಡಿನದೇ ರಾಗ, ಅದೇ ಗರಗರ. ನಾನು ಸಾರು ಬಿಟ್ಟು ಓಡಿ ನೆಲದ ಮೇಲಿದ್ದ ಅಕ್ಕಿ ಮೂಟೆಗೆ ಕೈ ಹಾಕಿದೆ.

“ಎಲ್ಲಿಗಮ್ಮ ಹೊತ್ಕೊಂಡ್ ಹೋಗ್ತೀಯ? ನಮ್ದು ದಿಣ್ಣೆ ಮೇಲಿನ ಮನೆ ಕಣೆ,” ಎಂದು ಅತ್ತೆ ಬಿದ್ದು ಬಿದ್ದು ನಕ್ಕರು.

ತಗ್ಗಿನವರ ಪಾಡು ನೆನೆದರೆ ಹೇಳಬಾರದ ಮಾತು, ಆದರೂ ಹೇಳುತ್ತೇನೆ: ಆ ಕೂಗಿನಿಂದಲೇ ನನಗೆ ಈ ಊರು ಪರಿಚಯದ್ದಾಯಿತು. ಅಲ್ಲಿ ಮೆಟ್ಟಿಲಿಳಿದು ಮುಟ್ಟುತ್ತಿದ್ದ ಕಪಿಲೆಯೇ ಇಲ್ಲಿಗೆ ಬಂದು ಕಾವೇರಿ ಸೇರುವುದು. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಆ ಸಂಗಮಕ್ಕೆ ಮಾರನೇ ಸಂಜೆ ಹೋಗಿ, ದೂರದಿಂದಲೇ ಕೆಂಪು ನೀರು ನೋಡಿ ಬಂದೆ. ರಾತ್ರಿ ಕಪ್ಪೆಗಳು ವಟಗುಟ್ಟುತ್ತಿದ್ದುದು ಕೇಳಿಸಿತು. ಅಷ್ಟು ದಿನವೂ ಅವು ಕೂಗುತ್ತಲೇ ಇದ್ದಿರಬೇಕು. ನಾನು ಇಲ್ಲದ ರೈಲಿಗೆ ಕಿವಿಗೊಟ್ಟು ಮಲಗುತ್ತಿದ್ದೆ.

ಮನೆ ಕಟ್ಟಿಸುವಾಗ ನಾವು ಮಾಡಿದ ದೊಡ್ಡ ತಪ್ಪು ಒರಳಿನದು. ಮಾಡ್ಯುಲರ್ ಕಿಚನ್ ಮಾಡಿಕೊಟ್ಟವರು ನಕ್ಷೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದರು, ನಾವು ಹೂಂ ಎಂದೆವು. ಅತ್ತೆ ಮೂರು ದಿನ ಚಟ್ನಿ ಮುಟ್ಟಲಿಲ್ಲ. ಕೊನೆಗೆ ಹಿತ್ತಲಲ್ಲಿ ತಗಡಿನ ಮಾಡು ಇಳಿಸಿ ಒರಳು ಹೂಳಿಸಿದೆವು. ಈಗ ಬೆಳಗ್ಗೆ ನನ್ನನ್ನು ಎಬ್ಬಿಸುವುದು ಗುಂಡುಕಲ್ಲಿನ ಆ ಗರಗರ ಸದ್ದು. ಮಿಕ್ಸಿಯ ಚಟ್ನಿಗಿಂತ ಒರಳಿನ ಚಟ್ನಿ ಗುಲಗಂಜಿ ತೂಕವಲ್ಲ, ಪಾವು ತೂಕ ಹೆಚ್ಚು.

ಮನೆ ಕಟ್ಟಿಸುತ್ತಿದ್ದರೆ, ನೆಲಕ್ಕೆ ಟೈಲ್ಸ್ ಹಾಕಿಸುವ ಮೊದಲೇ ಒರಳಿಗೊಂದು ಮೂಲೆ ಬಿಡಿಸಿ. ಆಮೇಲೆ ಹೂಳಿಸಲು ನಮಗೆ ಎರಡು ಆಳಿನ ಕೂಲಿ ಬಿತ್ತು.