ಶೀತಕಾಲದ ತೋಟದ ಮನೆ: ಕಾವೂ ಬೇಕು, ಗಾಳಿಯೂ ಬೇಕು

ಮಾರ್ಗಶಿರ ಮತ್ತು ಪುಷ್ಯ ಮಾಸಗಳು ಹೇಮಂತ ಋತು. ಮಾಘ ಮತ್ತು ಫಾಲ್ಗುಣ ಮಾಸಗಳು ಶಿಶಿರ ಋತು. ಈ ನಾಲ್ಕು ತಿಂಗಳು ಮನುಷ್ಯನ ದೇಹಬಲ ಹೆಚ್ಚಾಗಿರುವ ಕಾಲವೆಂದು ಆಯುರ್ವೇದ ಶಾಸ್ತ್ರವು ಹೇಳುತ್ತದೆ. ಹಸಿವು ಚೆನ್ನಾಗಿರುತ್ತದೆ, ಉಂಡದ್ದು ಜೀರ್ಣವಾಗುತ್ತದೆ, ದುಡಿಮೆಗೆ ದೇಹ ಒಗ್ಗುತ್ತದೆ. ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳು ಬೆಳೆದು ನಿಂತಿರುತ್ತವೆ. ಎಳ್ಳಮಾವಾಸ್ಯೆಯ ಚರಗ, ಸಂಕ್ರಾಂತಿಯ ಎಳ್ಳುಬೆಲ್ಲ ಈ ಕಾಲದ ಸಂಭ್ರಮಗಳು.

ಆದರೆ ಕೆಲವು ವರ್ಷ ಚಳಿಯು ತನ್ನ ಮೇರೆಯನ್ನು ಮೀರುತ್ತದೆ. ಬೀದರ, ಕಲಬುರಗಿ, ವಿಜಯಪುರದ ಬಯಲಿನಲ್ಲಿ, ಮೋಡವಿಲ್ಲದ ಒಣಹವೆಯ ರಾತ್ರಿಗಳಲ್ಲಿ, ಭೂಮಿಯು ಹಗಲು ಪಡೆದ ಶಾಖವನ್ನು ಬೇಗನೆ ಬಿಟ್ಟುಕೊಡುತ್ತದೆ. ಉತ್ತರದ ಕಡೆಯ ಗಾಳಿಯೂ ಸೇರಿಕೊಂಡರೆ ನಸುಕಿನಲ್ಲಿ ಹೊರಗೆ ಕಾಲಿಡುವುದೇ ಕಷ್ಟ. ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶವು 10 ಡಿಗ್ರಿ ಸೆಲ್ಸಿಯಸ್ಸಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿದು, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕಡಿಮೆಯಾದಾಗ ಹವಾಮಾನ ಇಲಾಖೆಯು ಅದನ್ನು ಶೀತಗಾಳಿಯೆಂದು ಪರಿಗಣಿಸುತ್ತದೆ. ತಣ್ಣನೆಯ ಗಾಳಿ ಭಾರವಾದುದರಿಂದ ತಗ್ಗಿಗೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಆದಕಾರಣ ದಿನ್ನೆಯ ಮೇಲಿನ ಊರಿಗಿಂತ ಹಳ್ಳದ ದಂಡೆಯ ತೋಟದ ಮನೆಗೆ ಚಳಿ ಹೆಚ್ಚು.

ಅಂಥ ಮನೆಗಳಲ್ಲಿ ಇಂದು ಉಳಿದಿರುವವರು ಬಹುಮಟ್ಟಿಗೆ ವಯೋವೃದ್ಧರು. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿರುತ್ತಾರೆ. ನೆರೆಮನೆ ಎಂದರೆ ಎರಡು ಹೊಲ ದಾಟಿ ಹೋಗಬೇಕು. ಅವರನ್ನು ಮತ್ತು ಅವರ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ತಿಂಗಳ ಲೇಖನವನ್ನು ಬರೆಯುತ್ತಿದ್ದೇವೆ.

ನಾವು ಹೇಳದೆ ಬಿಟ್ಟ ಮಾತು

ಸುಮಾರು 20 ವರ್ಷಗಳ ಹಿಂದಿನ ಒಂದು ಪುಷ್ಯಮಾಸ. ತೋಟದ ಮನೆಯಲ್ಲಿ ವಾಸವಾಗಿದ್ದ ವೃದ್ಧ ದಂಪತಿಗಳು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಯಜಮಾನರಿಗೆ ಸಂಧಿವಾತ. ಚಳಿಗೆ ಮೊಣಕಾಲು ಹಿಡಿದುಕೊಂಡು ರಾತ್ರಿ ನಿದ್ರೆಯೇ ಇರಲಿಲ್ಲ. ನಾವು ಔಷಧವನ್ನೂ ಹಚ್ಚಿಕೊಳ್ಳಲು ತೈಲವನ್ನೂ ಕೊಟ್ಟು, ಗಾಳಿ ಬೀಸದ ಒಳಕೋಣೆಯಲ್ಲಿ ಮಲಗಿರಿ, ಶೇಗಡಿಯಲ್ಲಿ ಕೆಂಡ ಮಾಡಿ ಹತ್ತಿರದಲ್ಲಿ ಇಟ್ಟುಕೊಳ್ಳಿರಿ ಎಂದು ಹೇಳಿ ಕಳುಹಿಸಿದೆವು. ಶೀತಕಾಲದಲ್ಲಿ ಕೆಂಡದಿಂದ ಕಾದ ಒಳಮನೆಯಲ್ಲಿ ವಾಸಿಸಬೇಕೆಂಬ ವಿಧಿಯು ಅಷ್ಟಾಂಗಹೃದಯದ ಸೂತ್ರಸ್ಥಾನದ ಮೂರನೆಯ ಅಧ್ಯಾಯವಾದ ಋತುಚರ್ಯೆಯಲ್ಲಿಯೇ ಇದೆ. ಶಾಸ್ತ್ರೋಕ್ತವಾದ ಮಾತನ್ನೇ ಹೇಳಿದೆವೆಂಬ ಸಮಾಧಾನ ನಮಗಿತ್ತು.

ಅವರು ನಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಮೂರನೆಯ ದಿನ ಬೆಳಿಗ್ಗೆ ಹಾಲು ಒಯ್ಯಲು ಬಂದ ಹುಡುಗ ಎಷ್ಟು ಕೂಗಿದರೂ ಬಾಗಿಲು ತೆರೆಯಲಿಲ್ಲ. ಆತ ಜನರನ್ನು ಕರೆತಂದು ಬಾಗಿಲು ಮುರಿಸಿದಾಗ ಇಬ್ಬರೂ ಎಚ್ಚರ ತಪ್ಪಿ ಬಿದ್ದಿದ್ದರು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಇಬ್ಬರೂ ಬದುಕಿದರು. ಆದರೆ ಯಜಮಾನರ ನೆನಪಿನ ಶಕ್ತಿ ಮತ್ತೆ ಮೊದಲಿನಂತೆ ಆಗಲಿಲ್ಲ. ಕಡೆಯವರೆಗೂ ಮಗನ ಹೆಸರನ್ನು ಹುಡುಕಾಡುತ್ತಿದ್ದರು.

ಗುಣಮುಖರಾದ ಮೇಲೆ ಆ ತಾಯಿ ನಮಗೆ ಹೇಳಿದರು: "ರಾತ್ರಿ ತಲಿ ಸಿಡ್ಯಾಕತ್ತಿತ್ರಿ. ಥಂಡಿ ಹತ್ತೇದ ಅಂತ ತಿಳದು ಶೇಗಡಿ ಇನ್ನಷ್ಟು ಹತ್ರ ಸರಿಸಿಕೊಂಡ್ವಿರಿ. ಕಿಡಕಿ ತಗದಿಡ್ರಿ ಅಂತ ನೀವು ಹೇಳಿರಲಿಲ್ಲಲ್ರೀ, ಡಾಕ್ಟರೇ." ಆ ಧ್ವನಿಯಲ್ಲಿ ಆಕ್ಷೇಪಣೆಯಿರಲಿಲ್ಲ, ನಡೆದುದನ್ನು ಹೇಳಿದರು, ಅಷ್ಟೆ. ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಪ್ರತಿ ಚಳಿಗಾಲದಲ್ಲಿಯೂ ಬಂದ ರೋಗಿಗಳಿಗೆಲ್ಲ ಮೊದಲು ಈ ಮಾತನ್ನು ಹೇಳಿ ಅನಂತರವೇ ಔಷಧ ಬರೆಯುವುದನ್ನು ರೂಢಿಸಿಕೊಂಡಿದ್ದೇವೆ.

ಹೊಗೆಯಿಲ್ಲದ ಕೆಂಡವೇ ಹೆಚ್ಚು ಅಪಾಯ

ಶಾಸ್ತ್ರದ ಮಾತು ಸುಳ್ಳಲ್ಲ. ಆದರೆ ಆ ಮಾತನ್ನು ನಮ್ಮ ಹಿರಿಯರು ಪಾಲಿಸಿದ ಮನೆ ಬೇರೆ, ನಾವಿಂದು ಕಟ್ಟಿಕೊಂಡಿರುವ ಮನೆ ಬೇರೆ. ಮಣ್ಣಿನ ಮಾಳಿಗೆಯ ಮನೆಗೆ ಮೇಲೆ ಬೆಳಕಿಂಡಿಯಿತ್ತು. ಹಲಗೆಯ ಬಾಗಿಲಿನ ಸಂದುಗಳಲ್ಲಿ ಗಾಳಿಯಾಡುತ್ತಿತ್ತು. ಇಂದಿನ ಸಿಮೆಂಟಿನ ಕೋಣೆಗೆ ಗಾಜಿನ ಕಿಟಕಿ, ಕಬ್ಬಿಣದ ಬಾಗಿಲು. ಚಳಿಗೆಂದು ಸಂದಿಗೆಲ್ಲ ಬಟ್ಟೆ ತುರುಕಿದರೆ ಅದು ಮುಚ್ಚಳ ಹಾಕಿದ ಡಬ್ಬಿಯೇ ಸರಿ. ಶಾಸ್ತ್ರವು ಬಯಸುವುದು 'ನಿವಾತ'ವಾದ ಮನೆ. ಬೀಸುಗಾಳಿಗೆ ಎದುರಾಗದ ಮನೆ ಎಂದು ಅದರ ಅರ್ಥ. ಉಸಿರಾಡುವ ಗಾಳಿಯೇ ಇಲ್ಲದ ಮನೆ ಎಂದಲ್ಲ.

ಇದ್ದಿಲಾಗಲಿ ಕಟ್ಟಿಗೆಯಾಗಲಿ ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಸಿ ಕಟ್ಟಿಗೆಯ ಹೊಗೆ ಕಣ್ಣು ಉರಿಸಿ ನಮ್ಮನ್ನು ಹೊರಗೆ ಓಡಿಸುತ್ತದೆ. ನಿಗಿನಿಗಿ ಕೆಂಡವು ಯಾವ ಸೂಚನೆಯನ್ನೂ ಕೊಡುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದುಕೊಂಡ ರಕ್ತವು ದೇಹವನ್ನೆಲ್ಲ ಸುತ್ತಿದರೂ ಮಿದುಳಿಗೆ, ಹೃದಯಕ್ಕೆ ಬೇಕಾದ ಪ್ರಾಣವಾಯುವನ್ನು ಮುಟ್ಟಿಸಲಾರದು.

ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ, ಮಂಪರು ಇದರ ಲಕ್ಷಣಗಳು. ಇವೆಲ್ಲ ಶೀತಬಾಧೆಯಂತೆಯೇ ತೋರುವುದರಿಂದ ಜನರು ಕೆಂಡವನ್ನು ಇನ್ನಷ್ಟು ಹತ್ತಿರ ತಂದುಕೊಳ್ಳುತ್ತಾರೆ. ಗುರುತಿಸುವ ಬಗೆಯೊಂದಿದೆ: ಒಂದೇ ಕೋಣೆಯಲ್ಲಿರುವ ಇಬ್ಬರು ಮೂವರಿಗೆ ಏಕಕಾಲಕ್ಕೆ ತಲೆನೋವು ಬಂದರೆ, ಹೊರಗೆ ಹೋದಾಗ ಕಡಿಮೆಯಾಗಿ ಒಳಗೆ ಬಂದಾಗ ಮರಳಿದರೆ, ಅದು ಥಂಡಿಯಲ್ಲ, ಕೆಂಡದ ವಿಷವೆಂದೇ ತಿಳಿಯತಕ್ಕದ್ದು.

ಈ ವಿಷಯದಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಶೇಗಡಿಯ ಪಕ್ಕದಲ್ಲಿ ಒಂದು ಕೊಡ ನೀರಿಟ್ಟರೆ ದೋಷವಿಲ್ಲವೆಂದು ಕೆಲವರು ಹೇಳುತ್ತಾರೆ. ನೀರು ಈ ಅನಿಲವನ್ನು ಹೀರಿಕೊಂಡು ನಿವಾರಿಸುವುದಿಲ್ಲ. ಕೊರೊನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರಿನಲ್ಲಿ ಅಂಕಿ ಸರಿಯಾಗಿದ್ದರೆ ಭಯವಿಲ್ಲವೆಂಬುದು ಇನ್ನೊಂದು. ಆ ಉಪಕರಣಕ್ಕೆ ಎರಡು ಅನಿಲಗಳ ಭೇದ ತಿಳಿಯದು, ಆದ್ದರಿಂದ ವಿಷವೇರಿದವರಿಗೂ ಅದು ಸರಿಯಾದ ಅಂಕಿಯನ್ನೇ ತೋರಿಸಬಹುದು.

ಅಂಥ ಕೋಣೆಯಲ್ಲಿ ಯಾರಾದರೂ ಎಚ್ಚರ ತಪ್ಪಿದ್ದರೆ ಮೊದಲು ಬಾಗಿಲು ಕಿಟಕಿಗಳನ್ನು ತೆರೆದು, ಅವರನ್ನು ಹೊರಗಿನ ಗಾಳಿಗೆ ತಂದು, 108ಕ್ಕೆ ಕರೆ ಮಾಡಬೇಕು. ಕಷಾಯ, ನೀರು ಏನನ್ನೂ ಬಾಯಿಗೆ ಹಾಕಬಾರದು. ಇಲ್ಲಿ ಬೇಕಾದ ಔಷಧ ಆಸ್ಪತ್ರೆಯ ಆಮ್ಲಜನಕವೊಂದೇ. ನಾವು ಆಯುರ್ವೇದ ವೈದ್ಯರಾಗಿ ಇದನ್ನು ಸ್ಪಷ್ಟವಾಗಿ ಹೇಳುತ್ತೇವೆ.

ಹಾಗಾದರೆ ಬೆಚ್ಚಗಿರುವುದು ಹೇಗೆ?

ಬೆಂಕಿ ಕಾಯಿಸಬೇಕೆಂದರೆ ಪಡಸಾಲೆಯಲ್ಲಿ ಅಥವಾ ಅಂಗಳದಲ್ಲಿ ಕಾಯಿಸಿಕೊಳ್ಳಿರಿ. ಮಲಗುವ ಮೊದಲು ಕೆಂಡವನ್ನು ಮನೆಯ ಹೊರಗೆ ಒಯ್ದು ನೀರು ಹಾಕಿ ಆರಿಸಿರಿ. ಬೂದಿ ಮುಚ್ಚಿದ ಕೆಂಡವು ಆರಿದ ಕೆಂಡವಲ್ಲ. ಸ್ನಾನದ ಕೋಣೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅಲ್ಲಿಗೂ ಇದೇ ನಿಯಮ ಅನ್ವಯಿಸುತ್ತದೆ.

ಮಲಗಲು ಹಗಲು ಬಿಸಿಲು ಬೀಳುವ ಚಿಕ್ಕ ಕೋಣೆಯನ್ನು ಆರಿಸಿಕೊಳ್ಳಿರಿ. ಹಗಲೆಲ್ಲ ಬಾಗಿಲು ಕಿಟಕಿ ತೆರೆದಿಟ್ಟು, ಹೊತ್ತು ಮುಳುಗುವ ಮುನ್ನ ಮುಚ್ಚಿರಿ. ಆದರೆ ಗಾಳಿ ಬೀಸದ ದಿಕ್ಕಿನ ಕಿಟಕಿಯನ್ನು ನಾಲ್ಕು ಬೆರಳಿನಷ್ಟು ತೆರೆದೇ ಇಡಿರಿ. ಮಂಚವನ್ನು ಹೊರಗೋಡೆಯಿಂದ ದೂರ ಸರಿಸಿರಿ. ಚಳಿ ಕೆಳಗಿನಿಂದಲೂ ಏರುವುದರಿಂದ ಹೊದೆಯುವಷ್ಟೇ ಹಾಸುವುದೂ ಮುಖ್ಯ: ಕೆಳಗೆ ಒಂದು ಕಂಬಳಿ, ಅದರ ಮೇಲೆ ಕೌದಿ. ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ತೆಳುವಾದ ಪದರುಗಳು ಶಾಖವನ್ನು ಚೆನ್ನಾಗಿ ಹಿಡಿಯುತ್ತವೆ. ಕಿವಿ, ತಲೆ, ಪಾದಗಳು ಮುಚ್ಚಿರಲಿ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರು ಬೆಂಕಿಗೆ ಕಾಲೊಡ್ಡಬಾರದು, ಬಿಸಿನೀರಿನ ಚೀಲವನ್ನೂ ಪಾದಕ್ಕೆ ಇಡಬಾರದು. ಸುಟ್ಟುದು ಅವರಿಗೆ ತಿಳಿಯುವುದೇ ಇಲ್ಲ.

ತ್ರೀ ಫೇಸ್ ವಿದ್ಯುತ್ತು ರಾತ್ರಿ ಬರುವ ಕಡೆ ರೈತರು ಆ ಹೊತ್ತಿನಲ್ಲಿಯೇ ನೀರು ಹಾಯಿಸಬೇಕಾಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಸೆಳೆಯುತ್ತದೆ. ಆದ್ದರಿಂದ ಒದ್ದೆ ಬಟ್ಟೆಯನ್ನು ಮೈಮೇಲೆ ಒಣಗಿಸಿಕೊಳ್ಳದೆ ಕೂಡಲೇ ಬದಲಿಸಿರಿ. ಚಳಿಗೆಂದು ಮದ್ಯ ಸೇವಿಸುವುದು ಅಪಾಯಕರ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬಿಸಿಯ ಭ್ರಮೆಯನ್ನು ಕೊಟ್ಟು ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ.

ಒಳಗಿನ ಅಗ್ನಿಗೆ ಉರುವಲು

ಹೊರಗಿನ ಕೆಂಡಕ್ಕಿಂತ ನಂಬಿಕೆಗೆ ಯೋಗ್ಯವಾದುದು ಜಠರಾಗ್ನಿ. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯವು ಇದನ್ನು ವಿವರಿಸುತ್ತದೆ: ಹೊರಗಿನ ಶೀತವು ದೇಹದ ಉಷ್ಣವನ್ನು ಒಳಗೇ ತಡೆದು ನಿಲ್ಲಿಸುವುದರಿಂದ ಜಠರಾಗ್ನಿ ಪ್ರಬಲವಾಗುತ್ತದೆ, ಅದಕ್ಕೆ ತಕ್ಕ ಆಹಾರ ದೊರೆಯದಿದ್ದರೆ ಅದು ದೇಹದ ರಸವನ್ನೇ ಒಣಗಿಸಿ ವಾತವನ್ನು ಕೆರಳಿಸುತ್ತದೆ. ಹೀಗಿರುವುದರಿಂದ ಕೃಶವಾದ ವೃದ್ಧರು ಚಳಿಗಾಲದಲ್ಲಿ ರಾತ್ರಿಯ ಊಟವನ್ನು ಬಿಡಬಾರದು.

ನಮ್ಮ ನಾಡಿನ ಅಡುಗೆಯೇ ಈ ಋತುವಿಗೆ ತಕ್ಕುದಾಗಿದೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬೆಣ್ಣೆ, ಎಣ್ಣೆಗಾಯಿ, ಅಗಸೆ ಅಥವಾ ಗುರೆಳ್ಳಿನ ಚಟ್ನಿ, ಹುರುಳಿಯ ಸಾರು, ಶೇಂಗಾ ಹೋಳಿಗೆ ಇವೆಲ್ಲ ಸ್ನಿಗ್ಧವೂ ಬಲದಾಯಕವೂ ಆಗಿವೆ. ಜೀರ್ಣಶಕ್ತಿ ಕುಂದಿದವರು ಇವನ್ನೇ ಸ್ವಲ್ಪ ಸ್ವಲ್ಪವಾಗಿ, ಬಿಸಿಯಾಗಿ ಸೇವಿಸಲಿ. ಮಧುಮೇಹಿಗಳು ಬೆಲ್ಲವನ್ನೂ, ರಕ್ತದೊತ್ತಡವುಳ್ಳವರು ಉಪ್ಪಿನಕಾಯಿಯನ್ನೂ ಮಿತಿಯಲ್ಲಿಡಬೇಕು. ಬಾಯಾರಿಕೆ ತೋರದಿದ್ದರೂ ಬಿಸಿನೀರನ್ನು ಆಗಾಗ ಕುಡಿಯಬೇಕು.

ವಾರಕ್ಕೆ ಎರಡು ಮೂರು ಸಲವಾದರೂ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಅಭ್ಯಂಗ ಮಾಡಿಕೊಂಡು, ಎಳೆಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಬಿಸಿನೀರಿನ ಸ್ನಾನ ಮಾಡಿರಿ; ತಲೆಗೆ ಮಾತ್ರ ಬಹಳ ಬಿಸಿಯಾದ ನೀರು ಸಲ್ಲದು. ಜ್ವರವಿರುವಾಗ, ಅಜೀರ್ಣವಾದಾಗ ಅಭ್ಯಂಗ ಬೇಡ. ನಸುಕಿನಲ್ಲಿ ತಣ್ಣೀರು ಸ್ನಾನ ಮಾಡಿಯೇ ಇಷ್ಟಲಿಂಗ ಪೂಜೆಗೆ ಕೂಡುವ ಹಿರಿಯರು ನಮ್ಮ ಭಕ್ತರಲ್ಲಿ ಅನೇಕರಿದ್ದಾರೆ. ಅವರ ನಿಷ್ಠೆಗೆ ನಮಸ್ಕಾರಗಳು. ಆದರೆ ಶೀತಕ್ಕೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ಹೃದ್ರೋಗ ಇರುವವರಿಗೆ ಆ ತಣ್ಣೀರು ಪ್ರಾಣಾಂತಿಕವಾಗಬಹುದು. ಬಿಸಿನೀರಿನಿಂದ ಶುಚಿತ್ವಕ್ಕೆ ಯಾವ ಕೊರತೆಯೂ ಬರುವುದಿಲ್ಲ.

ಮಕ್ಕಳಿಗೆ ಒಂದು ಮಾತು

ದೇಹದ ಒಳಗಿನ ಉಷ್ಣಾಂಶವು 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಅಪಾಯ. ವೃದ್ಧರಲ್ಲಿ ನಡುಕ ಹುಟ್ಟಿಸುವ ಶಕ್ತಿಯೇ ಕುಂದಿರುವುದರಿಂದ ಅವರು ನಡುಗದೆಯೇ ತಣ್ಣಗಾಗಬಹುದು. ಮಾತು ತೊದಲುವುದು, ಗೊಂದಲ, ಅತಿಯಾದ ಮಂಪರು ಕಂಡರೆ ವಯಸ್ಸಿನ ಮರೆವೆಂದು ಉಪೇಕ್ಷಿಸಬಾರದು. ಒದ್ದೆ ಬಟ್ಟೆ ತೆಗೆದು, ಎದೆ ಮತ್ತು ಹೊಟ್ಟೆಯ ಭಾಗವನ್ನು ಕಂಬಳಿಯಿಂದ ಮೊದಲು ಬೆಚ್ಚಗೆ ಮಾಡಿ, ಕೈಕಾಲುಗಳನ್ನು ಜೋರಾಗಿ ತಿಕ್ಕದೆ, ಆಸ್ಪತ್ರೆಗೆ ಒಯ್ಯಬೇಕು.

ದೂರದಲ್ಲಿರುವ ಮಕ್ಕಳು ಕಂಬಳಿ ಕಳುಹಿಸಿದರೆ ಸಾಲದು. ತಂದೆತಾಯಿಗಳ ಗುಳಿಗೆಗಳು ಒಂದು ತಿಂಗಳಿಗೆ ಸಾಲುವಷ್ಟು ಮನೆಯಲ್ಲಿವೆಯೇ ಎಂದು ನೋಡಿರಿ. ತೋಟದ ಮನೆಗೆ ಬರುವ ದಾರಿಯ ಗುರುತನ್ನು ಬರೆದು ಗೋಡೆಗೆ ಅಂಟಿಸಿರಿ. ರಾತ್ರಿ ಆಂಬುಲೆನ್ಸಿನವರಿಗೆ ಹೊಲದ ದಾರಿ ಸಿಗದೆ ಹೊತ್ತು ಹೋಗುತ್ತದೆ. ದಿನವೂ ಬೆಳಿಗ್ಗೆ ಒಂದು ನಿಶ್ಚಿತ ವೇಳೆಗೆ ಕರೆ ಮಾಡಿರಿ. ಕರೆಗೆ ಉತ್ತರ ಬಾರದಿದ್ದರೆ ಹೋಗಿ ನೋಡಲು ನೆರೆಹೊಲದ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡಿರಿ. ನಾವು ಮೇಲೆ ಹೇಳಿದ ದಂಪತಿಗಳನ್ನು ಉಳಿಸಿದ್ದು ಹಾಲಿಗೆ ಬಂದ ಹುಡುಗ. ಆತ ಅಂದು ಒಂದು ಗಂಟೆ ತಡವಾಗಿ ಬಂದಿದ್ದರೆ ಏನಾಗುತ್ತಿತ್ತೋ!

ಈ ಲೇಖನವನ್ನು ಓದಿದವರು ಓದುಬಾರದ ಹಿರಿಯರಿಗೆ ಓದಿ ಹೇಳಬೇಕೆಂದು ವಿನಂತಿ. ಎಲ್ಲವೂ ನೆನಪಿನಲ್ಲಿ ಉಳಿಯದಿದ್ದರೆ ಇಷ್ಟಾದರೂ ಉಳಿಯಲಿ: ಮಲಗುವ ಮುನ್ನ ಕೆಂಡ ಹೊರಗೆ, ಕಿಟಕಿ ನಾಲ್ಕು ಬೆರಳು ತೆರೆದಿರಲಿ.