ಮಕ್ಕಳ ಸೊಟ್ಟಗಾಲು, ಹಿರಿಯರ ಕೀಲುಬೇನೆ ಮತ್ತು ಹೊಲದ ಸುಣ್ಣಾಂಶ

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಎರಡು ಬಗೆಯ ಬೇಸಾಯವಿದೆ. ಕಪಿಲಾ, ಕಾವೇರಿ ನಾಲೆಗಳ ಬಯಲಿನಲ್ಲಿ ಬತ್ತ ಮತ್ತು ಕಬ್ಬು. ನಾಲೆಯ ನೀರು ಏರದ ಹೊಲಗಳಲ್ಲಿ ರಾಗಿ, ಹುರುಳಿ, ಅವರೆ, ಎಳ್ಳು. ಗದ್ದೆಯಿರುವ ಮನೆಯಲ್ಲಿ ಅನ್ನವೇ ಮುಖ್ಯ ಊಟವಾಗುವುದು ಸಹಜ. ಆದರೆ ಬೆಳೆಯುವ ಮಗುವಿನ ಮೂಳೆಗೆ ಬೇಕಾದ ಸುಣ್ಣಾಂಶ, ಅಂದರೆ ಕ್ಯಾಲ್ಸಿಯಂ, ಅಕ್ಕಿಯಲ್ಲಿ ತೀರ ಕಡಿಮೆ.

ಮಗುವಿನ ಕಾಲು ಸೊಟ್ಟಗಾದರೆ ಕೆಲವರು ಅದನ್ನು ಹಣೆಬರಹವೆಂದು ಬಿಟ್ಟುಬಿಡುತ್ತಾರೆ. ಮತ್ತೆ ಕೆಲವರು ವೈದ್ಯರಿಗೆ ತೋರಿಸದೆ ಟಾನಿಕ್ಕುಗಳಿಗೆ ಹಣ ಸುರಿಯುತ್ತಾರೆ. ಎರಡೂ ತಪ್ಪು. ಮೂಳೆ, ಕೀಲುಗಳ ತೊಂದರೆಗೆ ಕಾರಣಗಳು ಹಲವು. ಯಾವುದನ್ನು ಊಟದಿಂದ ತಡೆಯಬಹುದು, ಯಾವುದನ್ನು ತಡೆಯಲಾಗದು ಎಂಬುದನ್ನು ಅರಿಯುವುದು ಅಗತ್ಯ.

ಮೂಳೆಗೂ ಕೀಲಿಗೂ ಇರುವ ನಂಟು

ಮಗುವಿನ ಮೂಳೆಯ ತುದಿಯಲ್ಲಿ ಮೆದುವಾದ ಬೆಳವಣಿಗೆಯ ಪದರವಿರುತ್ತದೆ. ಸುಣ್ಣಾಂಶ ಮತ್ತು ರಂಜಕ ಸೇರಿದಾಗ ಅದು ಗಟ್ಟಿಯಾಗುತ್ತದೆ. ಕರುಳು ಸುಣ್ಣಾಂಶವನ್ನು ಹೀರಿಕೊಳ್ಳಲು ಡಿ ಜೀವಸತ್ವ ಬೇಕು; ಇದು ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುತ್ತದೆ. ಇವುಗಳ ಕೊರತೆಯಾದರೆ ಮೂಳೆ ಮೆದುವಾಗಿ, ಮೈಭಾರಕ್ಕೆ ಬಾಗುತ್ತದೆ. ಇದೇ ರಿಕೆಟ್ಸ್ ಅಥವಾ ಮೆದುಮೂಳೆ ರೋಗ.

ಬಾಗಿದ ಕಾಲು ಹಾಗೆಯೇ ಉಳಿದರೆ ಮಂಡಿಯ ಒಂದು ಪಕ್ಕಕ್ಕೆ ಮಾತ್ರ ಭಾರ ಬೀಳುತ್ತದೆ. ಅಚ್ಚು ಓರೆಯಾದ ಗಾಡಿಯ ಚಕ್ರ ಒಂದೇ ಕಡೆ ಸವೆಯುವಂತೆ ಕೀಲು ಬೇಗ ಸವೆಯಬಹುದು. ಬಾಲ್ಯದ ಕೊರತೆ ನಡುವಯಸ್ಸಿನ ಕೀಲುಬೇನೆಯಾಗುವ ದಾರಿಗಳಲ್ಲಿ ಇದೂ ಒಂದು.

ಪ್ರಯೋಗ ತಿಳಿಸಿದ ವಿಷಯ

ಬಿಸಿಲಿನ ನಾಡಿನಲ್ಲಿ ರಿಕೆಟ್ಸ್ ಬಾರದೆಂಬ ನಂಬಿಕೆಯಿತ್ತು. ಬೇಕಾದಷ್ಟು ಬಿಸಿಲಿರುವ ನೈಜೀರಿಯಾ ದೇಶದಲ್ಲಿ ರಿಕೆಟ್ಸ್ ಆದ ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಆ ಮಕ್ಕಳ ಊಟದಲ್ಲಿ ದಿನಕ್ಕೆ ಸುಮಾರು 200 ಮಿ.ಗ್ರಾಂ ಸುಣ್ಣಾಂಶ ಮಾತ್ರ ಇತ್ತು. 24 ವಾರಗಳ ಚಿಕಿತ್ಸೆಯ ನಂತರ, ಡಿ ಜೀವಸತ್ವ ಮಾತ್ರ ಪಡೆದವರಲ್ಲಿ ನೂರಕ್ಕೆ 19 ಮಕ್ಕಳಲ್ಲಿ, ಸುಣ್ಣಾಂಶ ಮಾತ್ರ ಪಡೆದವರಲ್ಲಿ 61 ಮಕ್ಕಳಲ್ಲಿ, ಎರಡನ್ನೂ ಪಡೆದವರಲ್ಲಿ 58 ಮಕ್ಕಳಲ್ಲಿ ಉತ್ತಮ ಗುಣ ಕಂಡುಬಂದಿತು. ಬಿಸಿಲೊಂದೇ ಸಾಲದು, ತಟ್ಟೆಯಲ್ಲಿ ಸುಣ್ಣಾಂಶವೂ ಇರಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎಲ್ಲ ಕೀಲುಬೇನೆಯೂ ಕೊರತೆಯದಲ್ಲ

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಉದಾಹರಣೆ ಇಲ್ಲಿ ಮುಖ್ಯ. 1970ರ ದಶಕದ ನಡುವಿನಲ್ಲಿ ಅಲ್ಲಿನ ಬಡ ಕೂಲಿ ಕುಟುಂಬಗಳಲ್ಲಿ ಸೊಂಟ ಮತ್ತು ಮಂಡಿಯ ಕೀಲು ಕೆಡುವ ರೋಗ ಬೆಳಕಿಗೆ ಬಂದಿತು. ಕೆಲವರ ಎತ್ತರವೂ ಕುಂಠಿತವಾಗಿತ್ತು. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿಗಳನ್ನು ತಿಂದದ್ದು ಕಾರಣವಿರಬಹುದೆಂದು ಮೊದಲು ಶಂಕಿಸಲಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಅಧ್ಯಯನ ನಡೆಸಿದರು. ಕ್ಷ-ಕಿರಣ ಚಿತ್ರ, ರಕ್ತಪರೀಕ್ಷೆ ಮತ್ತು ವಂಶಾವಳಿಗಳನ್ನು ಪರಿಶೀಲಿಸಿದ ಮೇಲೆ ಇದು ವಂಶಪಾರಂಪರ್ಯವಾಗಿ ಬರುವ ಮೂಳೆ ಬೆಳವಣಿಗೆಯ ದೋಷವೆಂದು ತಿಳಿದುಬಂದಿತು. ಪುಷ್ಟಿಕರ ಆಹಾರ ಅಂಥವರಿಗೂ ಬೇಕು. ಆದರೆ ಅದು ಮೂಲದೋಷವನ್ನು ತಿದ್ದಲಾರದು.

ಇನ್ನೊಂದು ಕಾರಣ ಕುಡಿಯುವ ನೀರಿನಲ್ಲಿರುವ ಫ್ಲೋರೈಡ್. ಈಗ ತೆಲಂಗಾಣಕ್ಕೆ ಸೇರಿದ ನಲ್ಗೊಂಡ ಜಿಲ್ಲೆಯಲ್ಲಿ ಇದರಿಂದ ಮಂಡಿಗಳು ಒಂದಕ್ಕೊಂದು ತಾಗುವ ಕಾಲುದೋಷ ಉಂಟಾದುದನ್ನು 1973ರಲ್ಲಿ ವರದಿ ಮಾಡಲಾಯಿತು. ಒಂದು ಲೀಟರ್ ನೀರಿನಲ್ಲಿ 1 ಮಿ.ಗ್ರಾಂ ಮೀರದಿರುವುದು ಒಳ್ಳೆಯದು. ಬೇರೆ ನೀರು ಇಲ್ಲದಿದ್ದರೆ 1.5 ಮಿ.ಗ್ರಾಂ ಕೊನೆಯ ಮಿತಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆದುದರಿಂದ ಆಳದ ಕೊಳವೆಬಾವಿಯ ನೀರು ಕುಡಿಯುವವರು ಅದನ್ನು ಪರೀಕ್ಷೆ ಮಾಡಿಸಬೇಕು.

ವಯಸ್ಸಾದವರ ಮಂಡಿಸವೆತ ಬೇರೆಯೇ ವಿಷಯ. ಸವೆದ ಮೆದ್ದೆಲುಬು ಸುಣ್ಣದ ಮಾತ್ರೆಯಿಂದ ಮರಳಿ ಬೆಳೆಯದು.

ಹೊಲದಿಂದ ತಟ್ಟೆಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 550 ಮಿ.ಗ್ರಾಂ ಸುಣ್ಣಾಂಶ ಬೇಕು. ನೂರು ಗ್ರಾಂ ಪದಾರ್ಥದಲ್ಲಿ ದೊರೆಯುವ ಪ್ರಮಾಣ ಸುಮಾರಾಗಿ ಹೀಗಿದೆ:

ಪಾಲಿಶ್ ಮಾಡಿದ ಅಕ್ಕಿ – 10 ಮಿ.ಗ್ರಾಂಗಿಂತ ಕಡಿಮೆ
ಹಸುವಿನ ಹಾಲು – 120 ಮಿ.ಗ್ರಾಂ
ಹುರುಳಿ – 270 ಮಿ.ಗ್ರಾಂ
ನುಗ್ಗೆಸೊಪ್ಪು – 310 ಮಿ.ಗ್ರಾಂ
ರಾಗಿ – 360 ಮಿ.ಗ್ರಾಂ
ಎಳ್ಳು – 1200 ಮಿ.ಗ್ರಾಂಗೂ ಹೆಚ್ಚು

150 ಗ್ರಾಂ ಅಕ್ಕಿಯ ಅನ್ನದಿಂದ ಮಗುವಿಗೆ 15 ಮಿ.ಗ್ರಾಂ ಕೂಡ ಸಿಗದು. 60 ಗ್ರಾಂ ರಾಗಿ, 150 ಮಿ.ಲೀ. ಹಾಲು, 10 ಗ್ರಾಂ ಎಳ್ಳು ಮತ್ತು ಒಂದು ಹಿಡಿ ನುಗ್ಗೆಸೊಪ್ಪು ಸೇರಿದರೆ ದಿನದ ಅಗತ್ಯ ಪೂರೈಸುತ್ತದೆ. ಶಾಲೆ ಮತ್ತು ಅಂಗನವಾಡಿಗಳಲ್ಲಿ 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲನ್ನು ಮಕ್ಕಳು ತಪ್ಪದೆ ಕುಡಿಯುವಂತೆ ನೋಡಿಕೊಳ್ಳಬೇಕು.

ರಾಗಿಯ ಸುಣ್ಣಾಂಶ ಹೆಚ್ಚಾಗಿ ಸಿಪ್ಪೆಯಲ್ಲಿದೆ. ಹಿಟ್ಟನ್ನು ಅತಿಯಾಗಿ ಜರಡಿ ಹಿಡಿಯಬಾರದು. ಕಾಳಿನಲ್ಲಿರುವ ಫೈಟೇಟ್ ಎಂಬ ವಸ್ತು ಸುಣ್ಣಾಂಶವನ್ನು ಹಿಡಿದಿಡುತ್ತದೆ. ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಇದು ಕಡಿಮೆಯಾಗುತ್ತದೆ. ಕೂಸುಗಳಿಗೆ ರಾಗಿ ಸರಿ ಮಾಡಲು ಮನೆಯ ಹಿರಿಯರು ಅನುಸರಿಸುವ ಕ್ರಮ ಇದೇ.

ಬೇಸಾಯದಲ್ಲಿ ಅನುಸರಿಸಬೇಕಾದ ಕ್ರಮಗಳು

1. ಖುಷ್ಕಿ ಹೊಲದಲ್ಲಿ ಏಪ್ರಿಲ್–ಮೇ ಮಳೆಗೆ ಎಳ್ಳು ಅಥವಾ ಅಲಸಂದೆ ಬಿತ್ತಿ, ಕೊಯ್ಲಿನ ನಂತರ ರಾಗಿ ಹಾಕಬಹುದು. 110–115 ದಿನಗಳಲ್ಲಿ ಕೊಯ್ಲಿಗೆ ಬರುವ, ಬೆಂಕಿರೋಗ ತಡೆಯುವ ಜಿಪಿಯು-28 ತಳಿ ಇದಕ್ಕೆ ಒಪ್ಪುತ್ತದೆ.
2. ರಾಗಿಯ ಅಕ್ಕಡಿ ಸಾಲುಗಳಲ್ಲಿ ಅವರೆ ಮತ್ತು ಹುಚ್ಚೆಳ್ಳು ಇರಲಿ.
3. ಗದ್ದೆಯವರು ಮನೆಖರ್ಚಿನ ಮಟ್ಟಿಗಾದರೂ ಬೇಸಿಗೆಯಲ್ಲಿ ರಾಗಿ ಬೆಳೆದುಕೊಳ್ಳಬೇಕು.
4. ಹಿತ್ತಿಲಲ್ಲಿ ಎರಡು ನುಗ್ಗೆ ಗಿಡಗಳಿರಲಿ.
5. ಕರೆದ ಹಾಲನ್ನೆಲ್ಲ ಡೈರಿಗೆ ಹಾಕದೆ ಮಕ್ಕಳ ಪಾಲನ್ನು ಮೊದಲು ತೆಗೆದಿಡಬೇಕು.

ತಡಮಾಡಬಾರದ ಚಿಹ್ನೆಗಳು

ಎರಡು ವರ್ಷದೊಳಗೆ ಕಾಲು ತುಸು ಬಾಗಿರುವುದು ಸಾಮಾನ್ಯ. ಆ ನಂತರವೂ ಬಾಗು ಉಳಿದರೆ ಅಥವಾ ಹೆಚ್ಚಾದರೆ, ಮಣಿಕಟ್ಟು ದಪ್ಪಗಾದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಓಡಾಡುವಾಗ ನೋವೆಂದರೆ ಮಗುವನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಕ್ಷ-ಕಿರಣ ಚಿತ್ರ ಮತ್ತು ರಕ್ತಪರೀಕ್ಷೆಯಿಂದ ಕಾರಣ ತಿಳಿಯುತ್ತದೆ. ಡಿ ಜೀವಸತ್ವದ ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲೇ ಕೊಡಬೇಕು, ಹೆಚ್ಚಾದರೆ ಅಪಾಯ.

ಮೂಳೆ ಬೆಳೆಯುತ್ತಿರುವಾಗ ಚಿಕಿತ್ಸೆ ದೊರೆತರೆ ರಿಕೆಟ್ಸ್‌ನಿಂದ ಬಾಗಿದ ಕಾಲು ಬಹುಮಟ್ಟಿಗೆ ನೆಟ್ಟಗಾಗಬಲ್ಲದು. ಬೆಳವಣಿಗೆ ನಿಂತ ಮೇಲೆ ಉಳಿಯುವುದು ಶಸ್ತ್ರಚಿಕಿತ್ಸೆಯೊಂದೇ. ಪೈರಿಗೆ ಹದವರಿತು ಗೊಬ್ಬರ ಕೊಡುವ ರೈತನಿಗೆ ಈ ಮಾತನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.